‘ಕಪ್ಪು ವಿಧವೆ’ ಅನ್ನದೆ ಈ ಜೇಡವನ್ನು ಏನೆಂದು ಕರೆಯೋಣ?

ಶಿರಸಿಯ ಶಾಲೆಯೊಂದಕ್ಕೆ ಜೇಡಗಳ ಚಿತ್ರಪಟ ಮಾಡುತ್ತಿದ್ದೇವೆ. ಚಿತ್ರಗಳ ಕೆಳಗೆ ಬರೆಯುವ ಕೆಲಸ ನನ್ನದು. ಉಳಿದವೆಲ್ಲ ಸಲೀಸಾಗಿ ಮುಗಿದವು. ಲ್ಯಾಟ್ರೊಡೆಕ್ಟಸ್ ಎಂಬ ವಿಷಜೇಡಗಳ ಕುಲದ ಹತ್ತಿರ ಬಂದು ಪೆನ್ನು ನಿಂತಿದೆ.

ಇದನ್ನು ‘ಕಪ್ಪು ವಿಧವೆ’ ಎಂದು ಬರೆಯುವುದುಂಟು. ಇಂಗ್ಲಿಷ್ ಹೆಸರನ್ನು ಹಾಗೇ ಎತ್ತಿಟ್ಟದ್ದು. ಮಕ್ಕಳ ಪಟದ ಮೇಲೆ ಆ ಪದ ನನಗಂತೂ ಬೇಡ. ಹೆಸರು ಸರಿಯಾಗಿ ಒಪ್ಪುವುದೂ ಇಲ್ಲ. ಭಾರತದಲ್ಲೂ ಇರುವ ಜಿಯೊಮೆಟ್ರಿಕಸ್ ಜಾತಿ ಕಪ್ಪಲ್ಲ, ಕಂದು. ಕೂಡಿದ ಮೇಲೆ ಹೆಣ್ಣು ಗಂಡನ್ನು ತಿನ್ನುತ್ತದೆ ಎನ್ನುವುದೂ ಎಲ್ಲ ಜಾತಿಗಳಲ್ಲಿ, ಎಲ್ಲ ಸಲವೂ ಆಗುವುದಲ್ಲ. ಆಸ್ಟ್ರೇಲಿಯದ ಕೆಂಬೆನ್ನಿನ ಜಾತಿಯಲ್ಲಂತೂ ಗಂಡು ತಾನೇ ಪಲ್ಟಿ ಹೊಡೆದು ಹೆಣ್ಣಿನ ಬಾಯಿಗೆ ಬೀಳುತ್ತದೆ, ಪುಣ್ಯಾತ್ಮ.

ನನಗೆ ಹೊಳೆದದ್ದು ‘ಡಮರು ಜೇಡ’. ಹೆಣ್ಣು ಬಲೆಯಲ್ಲಿ ತಲೆಕೆಳಗಾಗಿ ತೂಗುತ್ತಿರುತ್ತದೆ. ಹಾಗಾಗಿ ಹೊಟ್ಟೆಯ ಅಡಿಭಾಗವೇ ನಮಗೆ ಕಾಣುವುದು. ಅಲ್ಲಿ ಎರಡು ತ್ರಿಕೋನ ತುದಿಗೆ ತುದಿ ತಾಗಿಸಿದಂತೆ ಕೆಂಪು ಗುರುತು. ಕಂದು ಜಾತಿಯಲ್ಲಿ ಅದು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಇಂಗ್ಲಿಷಿನವರು ಇದರಲ್ಲಿ ಮರಳು ಗಡಿಯಾರ ಕಂಡರು. ನಮ್ಮ ಮಕ್ಕಳಿಗೆ ಬುಡುಬುಡಿಕೆ ಕಾಣದೇ? ‘ಬುಡುಬುಡಿಕೆ ಜೇಡ’ ಅಂದರೂ ಆದೀತು, ಆದರೆ ಪಟದಲ್ಲಿ ಜಾಗ ಕಮ್ಮಿ.

ಬಲೆಗೂ ಒಂದು ಪದ ಬೇಕು. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಹಳದಿ ನೂಲಿನ ದೊಡ್ಡ ಬಲೆ ಕಟ್ಟುವ ನೆಫಿಲಾ ಇದೆಯಲ್ಲ, ಅದರದ್ದು ಚಕ್ರಬಲೆ. ಗಾತ್ರ ನೋಡಿ ಜನ ಹೆದರುವುದು ಅದಕ್ಕೇ, ಆದರೆ ಅದರ ಕಡಿತ ಅಷ್ಟೇನೂ ಜೋರಲ್ಲ. ಡಮರು ಜೇಡದ ಬಲೆಗೆ ಅಂದಚೆಂದವಿಲ್ಲ. ಕಲ್ಲಿನ ಸಂದಿಯಲ್ಲೋ ಕಟ್ಟಿಗೆ ರಾಶಿಯಲ್ಲೋ ಅಡ್ಡಾದಿಡ್ಡಿ ಎಳೆಗಳು. ಅವುಗಳಿಂದ ಕೆಲವು ಎಳೆ ನೆಟ್ಟಗೆ ನೆಲಕ್ಕೆ ಇಳಿದಿರುತ್ತವೆ. ಅವುಗಳ ಬುಡದಲ್ಲಿ ಅಂಟಿನ ಹನಿಗಳು. ಇರುವೆ ತಾಗಿತೋ, ಬಿಗಿದ ಎಳೆ ನೆಲದಿಂದ ಕಿತ್ತು ಮೇಲಕ್ಕೆ ಸೆಳೆಯುತ್ತದೆ. ಇರುವೆ ಗಾಳಿಯಲ್ಲಿ ನೇತಾಡುತ್ತದೆ. ಜೇಡ ಇಳಿದು ಬಂದು ಹಿಂಗಾಲಿನ ಬಾಚಣಿಗೆಯಂಥ ಕೂದಲಿನಿಂದ ಅಂಟುನೂಲು ಎರಚಿ ಸುತ್ತುತ್ತದೆ. ಕಚ್ಚುವುದು ಆಮೇಲೆ. ಇದನ್ನು ‘ಸಿಕ್ಕುಬಲೆ’ ಅನ್ನಬಹುದೇ? ‘ಇಲ್ಲಣ’ ಅನ್ನಲು ಮನಸ್ಸಿಲ್ಲ. ಅದು ಅಡುಗೆಮನೆಯ ಮಾಡಿನಲ್ಲಿ ಮಸಿ ಹಿಡಿದು ಜೋಲುವಂಥದ್ದು, ಅಲ್ವಾ?

ಅಂದಹಾಗೆ, ಕನ್ನಡದಲ್ಲಿ ಜೇಡ ಅಂದರೆ ನೇಕಾರನೂ ಹೌದು, ಜೇಡರ ದಾಸಿಮಯ್ಯನ ಹೆಸರಿನಲ್ಲೇ ಇದೆ. ಮರಾಠಿಯಲ್ಲಿ ಜೇಡಕ್ಕೂ ಮೀನುಗಾರನಿಗೂ ಒಂದೇ ಪದ: ಕೋಳಿ. ಈ ಜೇಡದ ಮಟ್ಟಿಗೆ ಮರಾಠಿಯೇ ಸರಿ ಅನಿಸುತ್ತದೆ. ಆದರೆ ಕಾರವಾರದಲ್ಲಿ ನಿಂತು ‘ಕೋಳಿ ಕಚ್ಚಿತು’ ಅಂದರೆ ಅರ್ಧ ಊರು ನಕ್ಕೀತು.

ಕೊನೆಯದು ಕ್ರಿಯಾಪದದ ತಕರಾರು. ಮೈಮೇಲೆ ಗೀರಿನಂತೆ ಉರಿಗುಳ್ಳೆ ಎದ್ದರೆ ‘ಜೇಡ ಉಚ್ಚೆ ಹೊಯ್ದಿದೆ’ ಅನ್ನುವವರಿದ್ದಾರೆ. ಅಂಥ ಎಷ್ಟೋ ಗುಳ್ಳೆಗಳಿಗೆ ಕಾರಣ ಪೆಡೆರಸ್ ಎಂಬ ಪುಟ್ಟ ಜೀರುಂಡೆ. ರಾತ್ರಿ ದೀಪಕ್ಕೆ ಬಂದದ್ದನ್ನು ಚರ್ಮದ ಮೇಲೆ ಉಜ್ಜಿದರೆ ಅದರೊಳಗಿನ ರಸ ಸುಡುತ್ತದೆ. ಡಮರು ಜೇಡದ ವಿಷದ ದಾರಿಯೇ ಬೇರೆ. ಅದು ಹೋಗಿ ಹಿಡಿಯುವುದು ನರಗಳನ್ನು: ನೋವು, ಬೆವರು, ಹೊಟ್ಟೆಯ ಸ್ನಾಯು ಕಲ್ಲಾಗುವುದು. ಸಾವು ತೀರ ಅಪರೂಪ. ಆಸ್ಟ್ರೇಲಿಯದಲ್ಲಿ 1956ರಿಂದಲೇ ಇದಕ್ಕೆ ಪ್ರತಿವಿಷವಿದೆ. ಹಾಗಾಗಿ ಪಟದಲ್ಲಿ ‘ಕಚ್ಚುತ್ತದೆ’ ಎಂದೇ ಬರೆಯುತ್ತೇನೆ. ‘ಕುಟುಕುತ್ತದೆ’ ಚೇಳಿಗಿರಲಿ. ‘ಹುಳ ಮುಟ್ಟಿದೆ’ ಅಂತೂ ಬೇಡವೇ ಬೇಡ, ನಮ್ಮಲ್ಲಿ ಹಾಗಂದರೆ ಹಾವು ಅಂದುಕೊಳ್ಳುತ್ತಾರೆ.

ಕುಮಟಾ, ಅಂಕೋಲಾ, ಹೊನ್ನಾವರದ ಕಡೆಯವರು ಹೇಳಿ: ಕಲ್ಲಿನಡಿಯ ಇಂಥ ಜೇಡಕ್ಕೆ ಹಿರಿಯರ ಬಾಯಲ್ಲಿ ಬೇರೆ ಹೆಸರಿದೆಯೇ? ಇದ್ದರೆ ನನ್ನ ‘ಡಮರು’ ಬಿಟ್ಟು ಅದನ್ನೇ ಹಾಕುತ್ತೇನೆ. ಪಟ ಇನ್ನೂ ಅಚ್ಚಿಗೆ ಹೋಗಿಲ್ಲ.