ಸಹಾಯ ಬೇಕು: ಅಪ್ಪಾರಿಗೆ ರಾತ್ರಿ ನೋಡಾಕ ಸಮಾಧಾನದ ಸೀರಿಯಲ್ ಹೇಳ್ರಿ

ನಮಸ್ಕಾರ್ರೀ. ನಾವು ಬೆಳಗಾವಿ ಟಿಳಕವಾಡಿಯವರು. ಅಪ್ಪಾರಿಗೆ 71 ವರ್ಷ, ರಿಟೈರ್ಡ್ ಮಾಸ್ತರು. ಸಂಜೀ ಏಳಕ್ಕ ನ್ಯೂಸ್ ಹಚ್ಚಿದ್ರ ರಾತ್ರಿ ಹನ್ನೊಂದರತನಕ ಬರೇ ಚರ್ಚೆ, ಕೂಗಾಟ. ಡಿಸೆಂಬರ್‌ನ್ಯಾಗ ಸುವರ್ಣಸೌಧದಾಗ ಅಧಿವೇಶನ ಅಂದ್ರಂತೂ ಕೇಳಬ್ಯಾಡ್ರಿ, ಅದರ ಬೆನ್ನಿಗೆ ಕರ್ನಾಟಕ-ಮಹಾರಾಷ್ಟ್ರ ಗಡಿ ವಿಷಯ. ಆ ಗಡಿ ಬಗ್ಗೆ 1967ರ ಮಹಾಜನ ಆಯೋಗದ ವರದಿ ಬಂದಾಗ ಅಪ್ಪಾರಿನ್ನೂ ಸಾಲಿ ಹುಡುಗ, ಅವಾಗಿಂದ ಇದನ್ನ ಕೇಳ್ಕೋತ ಬಂದಾರ. ಗಡಿ ಬಸ್ ನಿಂತಾವು ಅಂತ ಟಿವಿ ಕೆಳಗ ಪಟ್ಟಿ ಓಡಿದ್ರ ಸಾಕು, ತಾಟಿನ್ಯಾಗಿನ ರೊಟ್ಟಿ ಅಲ್ಲೇ ಉಳೀತೈತಿ. ಬಿಪಿ ಗುಳಿಗಿನೂ ಜಾಸ್ತಿ ಆಗ್ಯಾವು. ನನಗ ಭಾಳ ಚಿಂತಿ ಆಗೈತ್ರಿ.

ಹೋದ ತಿಂಗಳು ಶಂಕರ್ ನಾಗ್ ಅವರು ಆಗುಂಬೆದಾಗ ತೆಗೆದ ‘ಮಾಲ್ಗುಡಿ ಡೇಸ್’ ಹಚ್ಚಿಕೊಟ್ಟೆ. ಎರಡನೇ ದಿನ ಅವ್ವನ್ನೂ ಕರದು ಬಾಜೂಕ ಕುಂಡ್ರಿಸಿಕೊಂಡು, “ನೋಡ ಇಲ್ಲೆ, ನಮ್ಮ ಊರಾಗಿನ ಕಟ್ಟಿ ಇದ್ದಂಗ ಐತಿ” ಅಂದ್ರು. ಆ ವಾರ ನಿದ್ದಿನೂ ಚಲೋ ಬಂತು. ಈಗ ಕಂತು ಮುಗದಾವು, ರಿಮೋಟ್ ಮತ್ತ ನ್ಯೂಸ್ ಕಡೆ ಹೊಂಟೈತಿ.

ಅಂಥಾದ್ದು ಇನ್ನೇನರ ಇದ್ರ ಹೇಳ್ರಿ. ಕೊಲೆ, ರಾಜಕೀಯ, ಅತ್ತಿ-ಸೊಸಿ ಜಗಳ ಬ್ಯಾಡ. ಕನ್ನಡ ಇದ್ರ ಭಾಳ ಚಲೋ. ಮರಾಠಿ ಅವರಿಗೆ ನೀರು ಕುಡದಂಗ, ಹಿಂದಿನೂ ನಡೀತೈತಿ. ಸಬ್‌ಟೈಟಲ್ ಓದಾಕ ಕಣ್ಣು ಸಾಲಂಗಿಲ್ಲ. ಯಾವ ಆ್ಯಪ್‌ನ್ಯಾಗ ಸಿಗತೈತಿ ಅನ್ನೂದನ್ನೂ ಬರೀರಿ.

ನ್ಯೂಸ್ ಪೂರಾ ಬಿಡಿಸೂದು ನನಗೂ ಸರಿ ಅನಸಂಗಿಲ್ಲ. ಮುಂಜಾನೆ ಪೇಪರ್ ಓದ್ಲಿ, ಊಟದ ಹೊತ್ತಿಗೆ ಅಷ್ಟ ಬ್ಯಾಡ. ನಿಮ್ಮ ಮನ್ಯಾಗ ಹಿರಿಯರಿಗೆ ಇದನ್ನ ಹೆಂಗ ಒಪ್ಪಿಸಿದ್ರಿ?