ದೆಹಲಿಯ ಆಡಿ ಟಿಟಿ ಕಾರು ತುಮಕೂರಿಗೆ ತರಲಾ?

ಪ್ರಶ್ನೆ (ತುಮಕೂರು):
ಹತ್ತು ವರ್ಷದಿಂದ ಇದೊಂದೇ ಆಸೆ. ದೆಹಲಿಯ ಡೀಲರ್ ಒಬ್ಬರ ಹತ್ತಿರ 2015ರ ಕೆಂಪು ಟಿಟಿ ಇದೆ, ಪೆಟ್ರೋಲ್. 38,000 ಕಿ.ಮೀ. ಓಡಿದೆಯಂತೆ. ವಿಡಿಯೊ ಕಾಲ್‌ನಲ್ಲಿ ತೋರಿಸಿದರು, ಈಗ 1 ಲಕ್ಷ ಮುಂಗಡ ಕೇಳುತ್ತಿದ್ದಾರೆ. ಅಪ್ಪನದು ಕೊಬ್ಬರಿ ವ್ಯಾಪಾರ. "ಮೂಟೆ ಬಿಚ್ಚಿ ನೋಡದೆ ನಾನು ಯಾವತ್ತೂ ದುಡ್ಡು ಕೊಟ್ಟಿಲ್ಲ" ಅಂತಾರೆ. ಏನು ಮಾಡಲಿ?

ಉತ್ತರ (ಕೋಲಾರ):
ಅಪ್ಪ ಹೇಳಿದ್ದು ಸರಿ ಸರ್. ನಾನೂ ದೆಹಲಿಯಿಂದಲೇ ತಂದವನು. ಎನ್‌ಒಸಿ, ಅಂದರೆ ಗಾಡಿ ಬೇರೆ ರಾಜ್ಯಕ್ಕೆ ಒಯ್ಯಲು ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ (ಫಾರಂ 28), ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಸಾಲ ಇದ್ದ ಗಾಡಿಯಾದರೆ, ಸಾಲ ತೀರಿದೆ ಅಂತ ಬ್ಯಾಂಕಿನ ಸಹಿ ಇರುವ ಫಾರಂ 35 ಕೇಳಿ. ಇಲ್ಲಿ ಮತ್ತೆ ನೋಂದಣಿ ಮಾಡಿಸಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆ ನೀವು ಕೊಟ್ಟ ಬೆಲೆ ಮೇಲಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ. ನನಗೆ ಇದು ಮೊದಲೇ ಗೊತ್ತಿರಲಿಲ್ಲ, ತುಂಬಾ ಕಷ್ಟಪಟ್ಟೆ. ನಿಮ್ಮ ತುಮಕೂರು ಆರ್‌ಟಿಒ (ಕೆಎ 06) ಕಚೇರಿಗೆ ಹೋಗಿ ಮೊದಲು ಲೆಕ್ಕ ಕೇಳಿ.

ಉತ್ತರ (ಚಿಕ್ಕಬಳ್ಳಾಪುರ, ಮೆಕ್ಯಾನಿಕ್):
ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಕಲೆ ಇದ್ದರೆ ನೀರಲ್ಲಿ ಮುಳುಗಿದ ಗಾಡಿ ಇರಬಹುದು. ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ದಾಖಲೆ ತೆಗೆಸಿ, ಕಿ.ಮೀ. ನಿಜವೋ ಸುಳ್ಳೋ ತಿಳಿಯುತ್ತೆ. ಟೈರ್ ಎಷ್ಟು ಹಳೇದು ಅಂತಲೂ ನೋಡಿ, ಅದರ ಮೇಲೆ 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಗೇರ್‌ಬಾಕ್ಸ್ ಮುಖ್ಯ. ಟ್ರಾಫಿಕ್‌ನಲ್ಲಿ ನಿಧಾನವಾಗಿ ಅರ್ಧ ಗಂಟೆ ಓಡಿಸಿ, ಒದ್ದಂಗೆ ಎಳೆದರೆ ಬಿಟ್ಟುಬಿಡಿ. ಅದರ ರಿಪೇರಿ ಜಾಸ್ತಿ ಆಗುತ್ತೆ.

ಪ್ರಶ್ನೆ ಕೇಳಿದವರು:
ಮುಂಗಡ ಕಳಿಸಲಿಲ್ಲ. ಶನಿವಾರ ನಾನೇ ಹೋಗ್ತಿದ್ದೀನಿ. ಅಪ್ಪನೂ ಬರ್ತಾರಂತೆ.