ಹಳೇ ಬಂಡೆಗಳ ಸಂಶೋಧನೆ: ಸೋಮವಾರಪೇಟೆಯ ಹುಡುಗಿಗೆ ನಮ್ಮ ಅನುಭವ

ಕೇಳಿದ್ದು: ಬಿಎಸ್ಸಿ ಕೊನೆ ವರ್ಷ, ಜಿಯಾಲಜಿ ಒಂದು ವಿಷಯ. ಹಳೇ ಬಂಡೆಗಳ ಮೇಲೆ ಸಂಶೋಧನೆ ಮಾಡುವ ಆಸೆ. ಮನೆಯಲ್ಲಿ "ಕಲ್ಲು ಓದಿದರೆ ಹೊಟ್ಟೆ ತುಂಬುತ್ತಾ?" ಅನ್ನುತ್ತಾರೆ. ಈ ದಾರಿ ಹಿಡಿದವರು ಸ್ವಲ್ಪ ಹೇಳಿ.

ಮಡಿಕೇರಿಯಿಂದ, ಪಿಎಚ್‌ಡಿ ಮುಗಿಸಿದವರು:
ತಂಗಿ, ನಿನ್ನ ಜಿಲ್ಲೆಯಲ್ಲೇ ಬೇಕಾದಷ್ಟು ಕೆಲಸ ಇದೆ. ಕೊಡಗಿನ ಚಾರ್ನೊಕೈಟ್ (ಭೂಮಿಯ ಆಳದಲ್ಲಿ ತುಂಬಾ ಬಿಸಿಯಲ್ಲಿ ಆದ ಗಟ್ಟಿ ಕಲ್ಲು) ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು. ದಕ್ಷಿಣ ಭಾರತದ ಎಷ್ಟೋ ಕಡೆ ಸುಮಾರು 250 ಕೋಟಿ ವರ್ಷದ ಹಿಂದೆ ಬಂಡೆ ಮತ್ತೆ ಕಾದು ಬದಲಾದ ಗುರುತು ಇದೆ. ಇಲ್ಲಿ ಅದು ಹೆಚ್ಚಾಗಿ ಕಾಣುವುದಿಲ್ಲ, ಹಾಗಾಗಿ ಅದಕ್ಕೂ ಹಿಂದಿನ ಗುರುತು ಅಳಿಸದೆ ಉಳಿದಿದೆ. ಸಂಶೋಧಕರಿಗೆ ಕೊಡಗಿನ ಮೇಲೆ ಕಣ್ಣು ಇರುವುದು ಅದಕ್ಕೇ.

ಆದರೆ ಬಂಡೆ ಕಣ್ಣಿಗೆ ಬೀಳಬೇಕಲ್ವಾ! ಮೇಲೆಲ್ಲ ಮಣ್ಣು, ತೋಟ, ಕಾಡು. ತೋಡು, ಕಲ್ಲುಕೋರೆ, ರಸ್ತೆಗೆ ಕಡಿದ ಬರೆ, ಇಷ್ಟೇ ಗತಿ. ಮಳೆಗಾಲದಲ್ಲಿ ಫೀಲ್ಡ್ ಬಂದ್. ಕಾಫಿ ಕುಯ್ಲಿನ ಹೊತ್ತಿಗೆ ಹೋಗು, ತೋಟದಲ್ಲಿ ಜನ ಇರುತ್ತಾರೆ. ಆನೆ ಯಾವ ಕಡೆ ಇದೆ ಅಂತ ಹೇಳುವವರೂ ಅವರೇ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡ.

ಸುತ್ತಿಗೆ ಹಿಡಿದು ಓಡಾಡುವುದು ಕೆಲಸದ ಚಿಕ್ಕ ಭಾಗ. ತಂದ ಕಲ್ಲನ್ನು ಪುಡಿ ಮಾಡಬೇಕು, ಜರಡಿ ಹಿಡಿಯಬೇಕು, ಭಾರದ ದ್ರವದಲ್ಲಿ ಮುಳುಗಿಸಿ ಜಿರ್ಕಾನ್ (ಬಂಡೆಯ ವಯಸ್ಸು ತಿಳಿಯಲು ಬಳಸುವ ಖನಿಜ) ಹರಳು ಬೇರೆ ಮಾಡಬೇಕು. ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಸೂಜಿ ಮೊನೆಯಲ್ಲಿ ಒಂದೊಂದೇ ಹರಳು. ಒಂದು ಹರಳು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಇರುತ್ತದೆ. ಅದರೊಳಗಿನ ಯುರೇನಿಯಂ ನಿಧಾನವಾಗಿ ಸೀಸ ಆಗುತ್ತಾ ಹೋಗುತ್ತದೆ. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಎಷ್ಟು ಸೀಸ ಆಗಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಈ ಆರಿಸುವ ಕೆಲಸ ತಲೆನೋವು ಅನ್ನಿಸಿದರೆ ಪಿಎಚ್‌ಡಿಗೆ ಸುಮ್ನೆ ಸೇರಬೇಡ.

ಪೊನ್ನಂಪೇಟೆಯಿಂದ, ಸರ್ಕಾರಿ ಕೆಲಸದಲ್ಲಿರುವವರು:
ಹೊಟ್ಟೆಪಾಡಿನ ವಿಷಯ ನಾನು ಹೇಳುತ್ತೇನೆ. ಬರೀ ಸಂಶೋಧನೆಯಲ್ಲಿ ಕಾಯಂ ಹುದ್ದೆ ಕಡಿಮೆ, ಕಾಯುವುದು ಜಾಸ್ತಿ. ಮೊದಲು ಎಂಎಸ್ಸಿ ಮಾಡಿ. ಹತ್ತಿರ ಬೇಕಾದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಐಐಟಿಗೆ ಹೋಗುವುದಾದರೆ ಅಲ್ಲಿನ ಎಂಎಸ್ಸಿ ಪ್ರವೇಶದ ಜಾಮ್ ಪರೀಕ್ಷೆ. ಜೊತೆಗೆ ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಪರೀಕ್ಷೆ ಬಿಡಬೇಡಿ. ಜಿಎಸ್‌ಐಗೆ (ಕೇಂದ್ರ ಸರ್ಕಾರದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ) ಜಿಯಾಲಜಿಸ್ಟ್‌ಗಳನ್ನು ತೆಗೆದುಕೊಳ್ಳುವುದು ಅದರಿಂದಲೇ. ಅಲ್ಲಿ ನಕ್ಷೆ, ಅದಿರು, ಭೂಕುಸಿತ ಎಲ್ಲ ಮಾಡಬೇಕು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜಾರಿದಾಗ ಊರವರು ನನ್ನನ್ನು ಕೇಳಿದ್ದು ಬಂಡೆಯ ವಯಸ್ಸನ್ನಲ್ಲ, "ಈ ಮನೆಯಲ್ಲಿ ಇರಬಹುದಾ ಹೇಳಿ" ಅಂತ. ಅಪ್ಪ-ಅಮ್ಮನಿಗೆ ಇದನ್ನು ಓದಿ ಹೇಳಿ.

ಕುಶಾಲನಗರದ ಅಕ್ಕ, ಈಗ ಪಿಎಚ್‌ಡಿಯಲ್ಲಿ:
ಗೈಡ್ ಹೆಸರು ನೋಡಿ ಮರುಳಾಗಬೇಡ. ಅವರ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಕೇಳು: ಫೆಲೋಶಿಪ್ ಹಣ ತಡ ಆಗುತ್ತಾ? ಅಳೆಯುವ ಯಂತ್ರ ಅಲ್ಲೇ ಇದೆಯಾ, ಬೇರೆ ಊರಲ್ಲಿ ಸರದಿ ಕಾಯಬೇಕಾ? ಫೀಲ್ಡ್‌ಗೆ ಹುಡುಗಿಯರು ಹೋದಾಗ ಉಳಿಯಲು ಜಾಗ ಯಾರು ನೋಡುತ್ತಾರೆ? ಬೇಸಿಗೆ ಇಂಟರ್ನ್‌ಶಿಪ್‌ಗೆ ಈಗಲೇ ನಾಲ್ಕಾರು ಲ್ಯಾಬ್‌ಗೆ ಬರೆ. ಉತ್ತರ ಬರದಿದ್ದರೆ ವಾರ ಬಿಟ್ಟು ಮತ್ತೆ ಬರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.